65 ಲಕ್ಷ ಡಾಲರ್‌ಗಾಗಿ ಒಂದಿಡೀ ಸೀಸನ್ ಮುಳುಗಿತೇ?

ಪ್ರಶ್ನೆ: ಏಳು ವರ್ಷದಿಂದ ಕೆನಡಾದ ಮಿಸಿಸಾಗಾದಲ್ಲಿದ್ದೇವೆ. ಮೈಸೂರಿನಲ್ಲಿ ಬೆಳೆದ ನನಗೆ ಹಾಕಿ ಎಂದರೆ ಕೊಡಗಿನ ಹುಡುಗರು ಮೈದಾನದಲ್ಲಿ ಆಡುವ ಆಟ. ಮಗನ ದೆಸೆಯಿಂದ ಈಗ ಮನೆಮಂದಿಗೆಲ್ಲ ಐಸ್ ಹಾಕಿಯ ಹುಚ್ಚು. 2004-05ರಲ್ಲಿ ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಒಂದಿಡೀ ಸೀಸನ್ ರದ್ದಾದ ಕಥೆ ಆಫೀಸಿನಲ್ಲಿ ಬಂತು. ಕೊನೆಯ ದಿನ ಮಾಲೀಕರು ಹೇಳಿದ ಸಂಬಳ ಮಿತಿ ತಂಡಕ್ಕೆ 4.25 ಕೋಟಿ ಡಾಲರ್, ಆಟಗಾರರು ಕೇಳಿದ್ದು 4.9 ಕೋಟಿ ಅಂತೆ. 65 ಲಕ್ಷದ ಅಂತರವನ್ನು ಅರ್ಧ-ಅರ್ಧ ಮಾಡಿಕೊಂಡು ಎದ್ದು ಹೋಗಬಹುದಿತ್ತಲ್ಲ? ಐಪಿಎಲ್‌ನಲ್ಲೂ ತಂಡಕ್ಕೆ ಇಷ್ಟೇ ಎಂದು ಪರ್ಸ್ ಇದೆ, ಅಲ್ಲಿ ಯಾರೂ ಆಟ ನಿಲ್ಲಿಸುವುದಿಲ್ಲ. ಕೋಟಿಗಟ್ಟಲೆ ಪಡೆಯುವ ಆಟಗಾರರ ದುರಾಸೆಯೇ ಇದಕ್ಕೆ ಕಾರಣವೇ? ಮಿತಿ ಇದ್ದರೆ ಟಿಕೆಟ್ ದರ ಹಿಡಿತದಲ್ಲಿರುತ್ತದೆ, ಸಣ್ಣ ಊರಿನ ತಂಡಗಳು ಉಳಿಯುತ್ತವೆ ಎನ್ನುವುದು ನಿಜವೇ? ಆಟಗಾರರ ಸಂಬಳದಲ್ಲಿ ಹಿಡಿದಿಡುವ ‘ಎಸ್ಕ್ರೊ’ ಎಂದರೇನು? ಈಗಿನ ಒಪ್ಪಂದ 2026ಕ್ಕೆ ಮುಗಿಯುತ್ತದಂತೆ, ಮತ್ತೆ ಬಾಗಿಲು ಮುಚ್ಚುತ್ತಾರಾ?

ಉತ್ತರ: ನಿಮ್ಮ ಸಂಶಯ ಸಹಜ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ‘ಇಷ್ಟಕ್ಕೇನಾ’ ಅನಿಸುತ್ತದೆ. ಆದರೆ ಆ ಎರಡು ಅಂಕಿಗಳು ಜಗಳದ ತುದಿ ಮಾತ್ರ. ಜಗಳದ ಬುಡದಲ್ಲಿ ಮೂರು ಪ್ರಶ್ನೆಗಳಿದ್ದವು: ಒಟ್ಟು ಆದಾಯದಲ್ಲಿ ಆಟಗಾರರ ಪಾಲು ಎಷ್ಟು, ‘ಆದಾಯ’ ಎಂದು ಯಾವುದನ್ನು ಕರೆಯಬೇಕು, ಆದಾಯ ಕುಸಿದರೆ ನಷ್ಟ ಯಾರ ತಲೆಗೆ. ಮಿತಿಯ ಅಂಕಿ ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಹುಟ್ಟುವ ಕೂಸು.

ಮೊದಲು ಒಂದು ಪದ ಸರಿಮಾಡಿಕೊಳ್ಳೋಣ. ಆಗ ಆಟಗಾರರು ಆಟ ನಿಲ್ಲಿಸಲಿಲ್ಲ. 1994, 2004, 2012 ಮೂರೂ ಬಾರಿ ಆದದ್ದು ಮುಷ್ಕರವಲ್ಲ, ಲಾಕೌಟ್. ಬಿಡದಿಯ ಕಾರು ಕಾರ್ಖಾನೆಯಲ್ಲಿ 2020ರಲ್ಲಿ ಆಡಳಿತವೇ ಗೇಟು ಹಾಕಿತಲ್ಲ, ಹಾಗೆ ಇಲ್ಲಿ ಬೀಗ ಹಾಕಿದವರು ಮಾಲೀಕರು. ಆಟಗಾರರು ನಿಜವಾಗಿ ಮುಷ್ಕರ ಹೂಡಿದ್ದು 1992ರ ಏಪ್ರಿಲ್ 1ರಿಂದ ಹತ್ತು ದಿನ ಮಾತ್ರ. ಆ ತಿಂಗಳು ಮುಖ್ಯ. ಆಟಗಾರರ ಸಂಬಳ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಲೀಗ್ ಹಂತಕ್ಕೆ ಹಂಚಿರುತ್ತದೆ. ಪ್ಲೇಆಫ್ ಶುರುವಾಗುವ ಹೊತ್ತಿಗೆ ಅವರ ಸಂಬಳ ಬಹುಪಾಲು ಕೈಸೇರಿ, ಮುಂದೆ ಸಿಗುವುದು ಸಣ್ಣದೊಂದು ಬೋನಸ್. ಮಾಲೀಕರಿಗೆ ಮಾತ್ರ ಪ್ಲೇಆಫ್ ಎಂದರೆ ಸುಗ್ಗಿ, ಸಂಬಳದ ಖರ್ಚಿಲ್ಲದ ಟಿಕೆಟ್ ದುಡ್ಡು. ಆಟಗಾರರ ಕೈ ಮೇಲಿರುವುದು ಏಪ್ರಿಲ್‌ನಲ್ಲಿ, ಮಾಲೀಕರ ಕೈ ಮೇಲಿರುವುದು ಸೆಪ್ಟೆಂಬರ್‌ನಲ್ಲಿ. ಒಪ್ಪಂದವಿಲ್ಲದೆ ಸೀಸನ್ ಶುರುಮಾಡಿದರೆ ಏಪ್ರಿಲ್‌ನಲ್ಲಿ ಕತ್ತಿಗೆ ಕುತ್ತಿಗೆ ಒಡ್ಡಿದಂತೆ ಎಂಬುದು ಮಾಲೀಕರಿಗೆ 1992ರಲ್ಲೇ ತಿಳಿಯಿತು. ಅದಕ್ಕೇ ಆ ಮೇಲಿನ ಮೂರೂ ಬೀಗಗಳು ಬಿದ್ದದ್ದು ಸೀಸನ್ ಶುರುವಾಗುವ ಮುನ್ನ.

ಈಗ 65 ಲಕ್ಷಕ್ಕೆ ಬರೋಣ. 2004ರ ಫೆಬ್ರುವರಿಯಲ್ಲಿ ಲೀಗ್ ಪರವಾಗಿ ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಯ ಮಾಜಿ ಮುಖ್ಯಸ್ಥ ಆರ್ಥರ್ ಲೆವಿಟ್ ಒಂದು ವರದಿ ಕೊಟ್ಟರು: 2002-03ರಲ್ಲಿ ತಂಡಗಳ ಒಟ್ಟು ನಷ್ಟ 27.3 ಕೋಟಿ ಡಾಲರ್, ಆದಾಯದ ಸುಮಾರು ಮುಕ್ಕಾಲು ಪಾಲು ಆಟಗಾರರಿಗೇ ಹೋಗುತ್ತಿದೆ. ಫೋರ್ಬ್ಸ್ ಪತ್ರಿಕೆಯ ಲೆಕ್ಕದಲ್ಲಿ ನಷ್ಟ ಅದರ ಅರ್ಧಕ್ಕಿಂತ ಕಡಿಮೆ. ಅದೇ ತಂಡಗಳು, ಅದೇ ವರ್ಷ, ಎರಡು ಲೆಕ್ಕ. ಆಟಗಾರರ ಸಂಘದ ಮುಖ್ಯಸ್ಥ ಬಾಬ್ ಗುಡೆನೌ ಲೀಗಿನ ಪುಸ್ತಕಗಳನ್ನು ನಂಬಲಿಲ್ಲ. ನಂಬದ ಲೆಕ್ಕಕ್ಕೆ ಸಂಬಳವನ್ನು ಕಟ್ಟಿಹಾಕಲು ಒಪ್ಪುವುದಾದರೂ ಹೇಗೆ? ಡಿಸೆಂಬರ್ 9ರಂದು ಸಂಘ, ಇರುವ ಎಲ್ಲ ಕರಾರುಗಳಲ್ಲಿ ಶೇ 24 ಕಡಿತಕ್ಕೆ ತಾನೇ ಮುಂದೆ ಬಂತು. ಸಂಬಳ ಇಳಿಸಿ, ಆದರೆ ಮಿತಿ ಬೇಡ ಎಂಬುದು ಅದರ ಪಟ್ಟು. ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್ ಪಟ್ಟು ತದ್ವಿರುದ್ಧ: ಕಡಿತ ಒಂದು ವರ್ಷದ ಮದ್ದು, ನಮಗೆ ಬೇಕಿರುವುದು ವ್ಯವಸ್ಥೆ.

2005ರ ಫೆಬ್ರುವರಿ 14ರ ಸುಮಾರಿಗೆ ಇಬ್ಬರೂ ಒಂದೊಂದು ಹೆಜ್ಜೆ ಹಿಂದಿಟ್ಟರು. ಸಂಘ ಮಿತಿಗೆ ಹೂಂ ಎಂದಿತು, ಲೀಗ್ ಆ ಮಿತಿಯನ್ನು ಆದಾಯಕ್ಕೆ ಕಟ್ಟುವ ಹಟ ಬಿಟ್ಟಿತು. ಉಳಿದದ್ದು ಅಂಕಿ. ಇಲ್ಲಿ ಪೆನ್ಸಿಲ್ ತೆಗೆದುಕೊಳ್ಳಿ. 30 ತಂಡಗಳೂ 4.25 ಕೋಟಿಯವರೆಗೆ ಖರ್ಚು ಮಾಡಿದರೆ ಮೊತ್ತ 127.5 ಕೋಟಿ ಡಾಲರ್. 4.9 ಕೋಟಿಯಾದರೆ 147 ಕೋಟಿ. ಲಾಕೌಟಿಗೆ ಮುಂಚಿನ ಲೀಗಿನ ಆದಾಯ ಸುಮಾರು 210 ಕೋಟಿ. ಅಂದರೆ ಮಾಲೀಕರ ಅಂಕಿ ಆದಾಯದ ಶೇ 61ರ ಹತ್ತಿರ, ಆಟಗಾರರ ಅಂಕಿ ಶೇ 70. ತಂಡಕ್ಕೆ 65 ಲಕ್ಷ ಎಂದಾಗ ಚಿಲ್ಲರೆಯಂತೆ ಕಾಣುವುದು ಲೀಗಿಗೆ ವರ್ಷಕ್ಕೆ 19.5 ಕೋಟಿ, ಆರು ವರ್ಷದ ಒಪ್ಪಂದಕ್ಕೆ 117 ಕೋಟಿ. ಮುನಿಸಿಕೊಂಡ ಪ್ರೇಕ್ಷಕರು ಬರದೆ ಆದಾಯ ಬಿದ್ದರೆ ಶೇಕಡಾ ಇನ್ನೂ ಮೇಲೆ ಹೋಗುತ್ತದೆ, ಏಕೆಂದರೆ ಬಿಡಿ ಮಿತಿ ಆದಾಯದೊಂದಿಗೆ ಕೆಳಗಿಳಿಯುವುದಿಲ್ಲ. ಆಟಗಾರರು ಹೇಳಿದ್ದೂ ಸುಳ್ಳಲ್ಲ: ಮಿತಿ ಎಂದರೆ ಗರಿಷ್ಠ, ಎಲ್ಲ ಮೂವತ್ತೂ ತಂಡ ಅಲ್ಲಿಗೆ ಮುಟ್ಟುವುದಿಲ್ಲ. ಯಾರು ಎಷ್ಟು ಮುಟ್ಟುತ್ತಾರೆ ಎಂಬ ಊಹೆಯ ಮೇಲೆ ಇಬ್ಬರೂ ಜೂಜಾಡುತ್ತಿದ್ದರು. ಫೆಬ್ರುವರಿ 16ರಂದು ಸೀಸನ್ ರದ್ದಾಯಿತು. 1,230 ಪಂದ್ಯ ಹೋದವು. 1919ರ ಸಾಂಕ್ರಾಮಿಕದ ನಂತರ ಮೊದಲ ಬಾರಿಗೆ ಚಾಂಪಿಯನ್ನರ ಸ್ಟಾನ್ಲಿ ಕಪ್ ಯಾರ ಕೈಗೂ ಸೇರಲಿಲ್ಲ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಜಮೀನನ್ನು ಇಂತಿಷ್ಟು ಪಲ್ಲ ಎಂದು ಗೊತ್ತುಮಾಡಿದ ಗೇಣಿಗೆ ಕೊಡುವುದು ಒಂದು, ಬಂದ ಬೆಳೆಯಲ್ಲಿ ಇಷ್ಟು ಪಾಲು ಎಂದು ಕೋರಿಗೆ ಕೊಡುವುದು ಇನ್ನೊಂದು. ಗೇಣಿಯಲ್ಲಿ ಮಳೆ ಹೋದರೆ ನಷ್ಟ ಒಬ್ಬನದೇ, ಕೋರಿನಲ್ಲಿ ಇಬ್ಬರದೂ. ಆದರೆ ಕೋರಿಗೆ ಕೊಟ್ಟರೆ ಕಣದಲ್ಲಿ ರಾಶಿ ಅಳೆಯುವವರು ಯಾರು ಎಂಬ ಜಗಳ ಕಡ್ಡಾಯ. ಬಿಡಿ ಮಿತಿ ಗೇಣಿಯಂತೆ, ಆದಾಯಕ್ಕೆ ಕಟ್ಟಿದ ಮಿತಿ ಕೋರಿನಂತೆ.

ಐದು ತಿಂಗಳ ನಂತರ, ಜುಲೈನಲ್ಲಿ, ಆಟಗಾರರು ಒಪ್ಪಿದ್ದು ಕೋರಿಗೇ. ಮೊದಲ ವರ್ಷದ ಮಿತಿ 3.9 ಕೋಟಿ, ಅಂದರೆ ಫೆಬ್ರುವರಿಯಲ್ಲಿ ಬೇಡ ಎಂದದ್ದಕ್ಕಿಂತ ಕಡಿಮೆ. ಜೊತೆಗೆ ತಂಡ ಖರ್ಚು ಮಾಡಲೇಬೇಕಾದ ಕನಿಷ್ಠ 2.15 ಕೋಟಿ. ಶೇ 24 ಕಡಿತವೂ ಉಳಿಯಿತು. ಗುಡೆನೌ ಅದೇ ತಿಂಗಳು ಹುದ್ದೆ ಬಿಟ್ಟರು. ಎಲ್ಲರೂ ಇದನ್ನು ಆಟಗಾರರ ಸೋಲು ಎಂದು ಬರೆದರು. ನನ್ನ ಲೆಕ್ಕ ಸ್ವಲ್ಪ ಬೇರೆ. ಆದಾಯದ ಶೇ 54 ಆಟಗಾರರಿಗೆ, ಆದಾಯ 270 ಕೋಟಿ ದಾಟಿದರೆ ಶೇ 57ರವರೆಗೆ ಎಂದು ಮೆಟ್ಟಿಲು ಕಟ್ಟಿದ್ದರಿಂದ, ಆಟ ಚೇತರಿಸಿಕೊಂಡಂತೆ ಮಿತಿ ತಾನಾಗಿ ಏರಿತು: 2007-08ಕ್ಕೆ 5.03 ಕೋಟಿ, 2011-12ಕ್ಕೆ 6.43 ಕೋಟಿ. ಫೆಬ್ರುವರಿಯಲ್ಲಿ ಕೇಳಿದ 4.9 ಕೋಟಿಯನ್ನು ಮೂರನೇ ವರ್ಷವೇ ದಾಟಿಯಾಗಿತ್ತು. ಆಟಗಾರರು ನಿಜವಾಗಿ ಕಳೆದುಕೊಂಡದ್ದು ಒಂದು ವರ್ಷದ ಪೂರ್ತಿ ಸಂಬಳ. ಮೂವತ್ತೆಂಟು ದಾಟಿದ ಆಟಗಾರನಿಗೆ ಆ ವರ್ಷ ತಿರುಗಿ ಬರುವುದಿಲ್ಲ, ಮಾಲೀಕನಿಗೆ ತಂಡ ಹಾಗೇ ಉಳಿದಿರುತ್ತದೆ. ಈ ಜಗಳಗಳಲ್ಲಿ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದಕ್ಕೆ ಇಷ್ಟು ಸಾಕು. ದುರಾಸೆ ಎಂಬ ಪದ ಇಲ್ಲಿ ಏನನ್ನೂ ವಿವರಿಸುವುದಿಲ್ಲ.

ಐಪಿಎಲ್ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. 2025ರ ಹರಾಜಿಗೆ ತಂಡಕ್ಕೆ 120 ಕೋಟಿ ರೂಪಾಯಿ ಪರ್ಸ್ ಎಂದು ನಿಗದಿಯಾಯಿತು, ನಿಜ. ಆದರೆ ಅದು ಚೌಕಾಸಿಯಿಂದ ಬಂದ ಅಂಕಿಯಲ್ಲ. ಆದಾಯದ ಇಷ್ಟು ಪಾಲು ಆಟಗಾರರದು ಎಂಬ ಲಿಖಿತ ಸೂತ್ರವಿಲ್ಲ, ಆಡುತ್ತಿರುವವರ ಪರವಾಗಿ ಮೇಜಿನ ಆಚೆ ಕೂರುವ ಸಂಘವಿಲ್ಲ. ಅಲ್ಲಿ ಜಗಳವಿಲ್ಲದಿರುವುದಕ್ಕೆ ಕಾರಣ ಒಮ್ಮತವಲ್ಲ, ಜಗಳಕ್ಕೆ ಎರಡನೆಯ ಪಕ್ಷವೇ ಇಲ್ಲ.

ಈಗಿನ ಸೂತ್ರ ಹೀಗೆ. ಹಾಕಿಗೆ ಸಂಬಂಧಿಸಿದ ಆದಾಯವನ್ನು ಲೆಕ್ಕ ಹಾಕಿ. ಅದರ ಅರ್ಧ ತೆಗೆಯಿರಿ. ಪಿಂಚಣಿ, ವಿಮೆ ಮುಂತಾದ ಸವಲತ್ತುಗಳ ಖರ್ಚು ಕಳೆಯಿರಿ. ತಂಡಗಳ ಸಂಖ್ಯೆಯಿಂದ ಭಾಗಿಸಿ. ಸಿಗುವುದು ನಡುಗೆರೆ. ಅದಕ್ಕೆ ಶೇ 15 ಸೇರಿಸಿದರೆ ಗರಿಷ್ಠ, ಶೇ 15 ಕಳೆದರೆ ಕನಿಷ್ಠ. 2025-26ರ ಗರಿಷ್ಠ 9.55 ಕೋಟಿ, ಕನಿಷ್ಠ 7.06 ಕೋಟಿ, ನಡುಗೆರೆ ಸುಮಾರು 8.3 ಕೋಟಿ ಎಂದು ನೀವೇ ತಾಳೆ ನೋಡಬಹುದು.

ನಿಮ್ಮ ಎಸ್ಕ್ರೊ ಪ್ರಶ್ನೆಗೆ ಉತ್ತರ ಈ ಶೇ 15ರಲ್ಲೇ ಅಡಗಿದೆ. ಆಟಗಾರರಿಗೆ ಆದಾಯದ ಅರ್ಧ ಎಂದರೆ ಎಲ್ಲ ತಂಡಗಳ ಸರಾಸರಿ ಖರ್ಚು ನಡುಗೆರೆಯಲ್ಲಿರಬೇಕು. ವಾಸ್ತವದಲ್ಲಿ ಬಹುತೇಕ ತಂಡಗಳು ಗರಿಷ್ಠಕ್ಕೆ ಒತ್ತಿಕೊಂಡೇ ಇರುತ್ತವೆ. ಸುಲಭದ ಅಂಕಿ ಇಟ್ಟುಕೊಳ್ಳೋಣ, ಸವಲತ್ತಿನ ಖರ್ಚು ಬಿಟ್ಟು. ಆದಾಯ 330 ಕೋಟಿ, ಆಟಗಾರರ ಪಾಲು 165 ಕೋಟಿ, 30 ತಂಡ, ನಡುಗೆರೆ 5.5 ಕೋಟಿ, ಗರಿಷ್ಠ 6.325 ಕೋಟಿ. ಎಲ್ಲರೂ ಗರಿಷ್ಠಕ್ಕೆ ಹೋದರೆ ಕರಾರುಗಳ ಮೊತ್ತ 189.75 ಕೋಟಿ. 24.75 ಕೋಟಿ ಹೆಚ್ಚಾಯಿತು. ಅದನ್ನು ಆಟಗಾರರೇ ವಾಪಸ್ ಕೊಡಬೇಕು. ಪ್ರತಿ ಸಂಬಳದ ಶೇ 13. ವರ್ಷದ ಕೊನೆಗೆ ವಸೂಲಿ ಮಾಡುವುದು ಕಷ್ಟವಾದ್ದರಿಂದ ಪ್ರತಿ ಚೆಕ್ಕಿನಲ್ಲೂ ಒಂದಿಷ್ಟು ಮೊದಲೇ ಹಿಡಿದಿಡುತ್ತಾರೆ. ಅದೇ ಎಸ್ಕ್ರೊ. ಲೆಕ್ಕ ಮುಗಿದ ಮೇಲೆ ಹೆಚ್ಚಾದದ್ದು ಮಾಲೀಕರಿಗೆ, ಉಳಿದದ್ದು ಆಟಗಾರರಿಗೆ. 10 ಲಕ್ಷ ಡಾಲರ್ ಕರಾರಿನವನು 8.7 ಲಕ್ಷ ಎಂದುಕೊಂಡೇ ಮನೆ ಸಾಲ ಮಾಡಬೇಕು, ಅದೂ ತೆರಿಗೆಗೆ ಮುಂಚೆ.

ಇದರಲ್ಲೊಂದು ವಿಚಿತ್ರ ಗಮನಿಸಿ. ಮಿತಿ ಹೆಚ್ಚಿಸಿ ಎಂದು ಸಂಘ ಕೇಳಿ ಗೆದ್ದರೆ ಹೊಸ ಕರಾರು ಮಾಡುವವನಿಗೆ ಲಾಭ. ಹಳೆಯ ಕರಾರಿನಲ್ಲಿರುವವನಿಗೆ ಎಸ್ಕ್ರೊ ಏರಿ ನಷ್ಟ. ಒಟ್ಟು ಪಾಲು ಅಷ್ಟೇ ಇರುತ್ತದೆ, ಆಟಗಾರರ ನಡುವೆ ಹಂಚಿಕೆ ಬದಲಾಗುತ್ತದೆ. ‘ಆಟಗಾರರು ಮಿತಿ ಏರಿಸಲು ಹಿಂಜರಿದರು’ ಎಂಬ ಸುದ್ದಿ ಓದಿ ನಗುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಸೀಸನ್ ನಿಂತಾಗ ಆದಾಯ ಬಿತ್ತು, ಕರಾರುಗಳು ಹಾಗೇ ಉಳಿದವು, ಆಟಗಾರರ ಮೇಲೆ ದೊಡ್ಡ ಸಾಲ ಕೂತಿತು. ಆ ಜುಲೈನ ಒಪ್ಪಂದದಲ್ಲಿ ಎಸ್ಕ್ರೊಗೇ ಮಿತಿ ಹಾಕಿದರು: ಮೊದಲ ವರ್ಷ ಶೇ 20, ಕೊನೆಗೆ ಶೇ 6. ಬದಲಿಗೆ ಸಂಬಳ ಮಿತಿ 8.15 ಕೋಟಿಯಲ್ಲೇ ನಿಂತು, ಸಾಲ ತೀರುವವರೆಗೆ ತೆವಳಿತು. 2024-25ರಲ್ಲಿ ಒಮ್ಮೆಲೇ 8.8 ಕೋಟಿಗೆ ನೆಗೆದದ್ದು ಆ ಸಾಲ ತೀರಿದ್ದರಿಂದ.

ಕಣದಲ್ಲಿ ರಾಶಿ ಅಳೆಯುವ ಜಗಳಕ್ಕೆ 2012 ಒಳ್ಳೆಯ ಪಾಠ. ಆಗ ಆಟಗಾರರ ಪಾಲು ಶೇ 57. ಜುಲೈನಲ್ಲಿ ಲೀಗ್ ಇಟ್ಟ ಮೊದಲ ಪ್ರಸ್ತಾವ ಶೇ 46. ಆದರೆ ಅದರ ಜೊತೆ ‘ಆದಾಯ’ದ ವ್ಯಾಖ್ಯೆಯನ್ನೂ ಕುಗ್ಗಿಸಿತ್ತು; ಹಳೆಯ ವ್ಯಾಖ್ಯೆಯಲ್ಲಿ ಅಳೆದರೆ ಅದು ಸುಮಾರು ಶೇ 43. ಲೀಗಿನ ಆದಾಯ ಆಗ 330 ಕೋಟಿಯ ಆಸುಪಾಸು, ಒಂದು ಶೇಕಡಾ ಎಂದರೆ 3.3 ಕೋಟಿ. ಮೂರು ಶೇಕಡಾ ಬರೀ ಪದಗಳ ಬದಲಾವಣೆಯಿಂದ ಮಾಯ! ಒಬ್ಬನೇ ಮಾಲೀಕ ತಂಡವನ್ನೂ ಕ್ರೀಡಾಂಗಣವನ್ನೂ ಟಿವಿ ವಾಹಿನಿಯನ್ನೂ ಇಟ್ಟುಕೊಂಡಾಗ ಪಾರ್ಕಿಂಗ್ ದುಡ್ಡು, ಐಷಾರಾಮಿ ಬಾಕ್ಸ್, ಜಾಹೀರಾತು ಫಲಕ ಇವುಗಳಲ್ಲಿ ಎಷ್ಟು ಹಾಕಿಯದು, ಎಷ್ಟು ಸಂಗೀತ ಕಛೇರಿಯದು ಎಂದು ಗೆರೆ ಎಳೆಯುವುದೇ ಕೆಲಸ. ಗೆರೆಯ ಆಚೆ ಉಳಿದ ದೊಡ್ಡ ಗಂಟು ಹೊಸ ತಂಡಗಳ ಪ್ರವೇಶ ಶುಲ್ಕ: ಲಾಸ್ ವೇಗಸ್ 50 ಕೋಟಿ, ಸಿಯಾಟಲ್ 65 ಕೋಟಿ ಡಾಲರ್ ಕೊಟ್ಟವು. ಅದು ಹಂಚಿಕೆಯ ಆದಾಯದಲ್ಲಿ ಬರುವುದಿಲ್ಲ, ಪೂರ್ತಿ ಮಾಲೀಕರದು.

ಆ ಬಾರಿ ಶೇ 50ಕ್ಕೆ ಬಂದು ನಿಂತರು. ಶೇ 57ರಿಂದ 50 ಎಂದರೆ ವರ್ಷಕ್ಕೆ 23 ಕೋಟಿ ಕೈಬಿಟ್ಟಂತೆ. ಆ ಏಟು ಒಮ್ಮೆಲೇ ಬೀಳದಿರಲೆಂದು ಹಳೆಯ ಕರಾರುಗಳಿಗೆ 30 ಕೋಟಿ ಡಾಲರ್ ಪರಿಹಾರ ನಿಧಿ ಬಂತು. ಪಾಲು ಇತ್ಯರ್ಥವಾದ ಮೇಲೂ ವಾರಗಟ್ಟಲೆ ಎಳೆದಾಡಿದ್ದು ಪಿಂಚಣಿ ಮತ್ತು 2013-14ರ ಮಿತಿ. ಲೀಗ್ 6 ಕೋಟಿ ಎಂದಿತು, ಸಂಘ 6.5 ಕೋಟಿ ಎಂದಿತು, 6.43 ಕೋಟಿಗೆ ಮುಗಿಯಿತು. ಸರ್ಕಾರಿ ಮಧ್ಯಸ್ಥ ಸ್ಕಾಟ್ ಬೆಕನ್‌ಬಾ ಎರಡು ಪಕ್ಷಗಳ ನಡುವೆ ಓಡಾಡಿ, 2013ರ ಜನವರಿ 6ರ ಬೆಳಗಿನ ಜಾವ ಕೈಕುಲುಕಿಸಿದರು. ಉಳಿದದ್ದು 48 ಪಂದ್ಯಗಳ ಸೀಸನ್.

ಇಂಥ ಹೊತ್ತಿನಲ್ಲಿ ಆಟಗಾರರ ಮುಂದೆ ಏನೇನು ದಾರಿ ಇರುತ್ತದೆ? ಯುರೋಪಿಗೆ ಹೋಗಿ ಆಡುವುದು ಒಂದು. 2004-05ರಲ್ಲಿ ನೂರಾರು ಮಂದಿ ಹೋದರು, 2012ರಲ್ಲಿ ರಷ್ಯಾದ ತಾರೆ ಒವೆಚ್ಕಿನ್ ಮಾಸ್ಕೋದ ಡೈನಮೊ ಸೇರಿದರು. ಸಂಬಳ ಕಡಿಮೆ, ಅದಕ್ಕಿಂತ ಮುಖ್ಯವಾಗಿ ಗಾಯವಾದರೆ ಎನ್‌ಎಚ್‌ಎಲ್ ಕರಾರಿಗೆ ವಿಮೆ ಯಾರು ಕಟ್ಟುತ್ತಾರೆ? ದೊಡ್ಡ ಕರಾರಿನವರಿಗೆ ಆ ವಿಮೆಯ ಕಂತೇ ಕೈ ಸುಡುತ್ತದೆ. ಇನ್ನೊಂದು, ಸಂಘ ತಾನು ಆಟಗಾರರ ಪ್ರತಿನಿಧಿಯಲ್ಲ ಎಂದು ಘೋಷಿಸಿಬಿಡುವುದು. ಕೇಳಲು ತಮಾಷೆ, ಆದರೆ ತರ್ಕವಿದೆ. ಸಂಘದೊಂದಿಗಿನ ಒಪ್ಪಂದದ ನೆರಳಿನಲ್ಲೇ ಮಾಲೀಕರೆಲ್ಲ ಸೇರಿ ಸಂಬಳಕ್ಕೆ ಮಿತಿ ಹಾಕುವುದು ಅಮೆರಿಕದಲ್ಲಿ ಕಾನೂನುಬದ್ಧ. ಸಂಘವೇ ಇಲ್ಲವಾದರೆ ಅದು ಪೈಪೋಟಿಯನ್ನು ಹತ್ತಿಕ್ಕುವ ಒಳಸಂಚು, ಆಟಗಾರರು ಕೋರ್ಟಿಗೆ ಹೋಗಬಹುದು. 2012ರ ಡಿಸೆಂಬರ್‌ನಲ್ಲಿ ಇದಕ್ಕೆ ಅಧಿಕಾರ ಕೊಡಲು 706-22 ಮತ ಬಿತ್ತು, ಲೀಗ್ ತಾನೇ ಮೊದಲು ನ್ಯೂಯಾರ್ಕಿನಲ್ಲಿ ದಾವೆ ಹಾಕಿತು. ಅಪಾಯವೆಂದರೆ ಕೋರ್ಟಿನ ಗಡಿಯಾರ ನಿಧಾನ, ಸೀಸನ್ನಿನ ಗಡಿಯಾರ ಓಡುತ್ತಿರುತ್ತದೆ. ಜೊತೆಗೆ ಒಪ್ಪಂದದ ರಕ್ಷಣೆಯೂ ಹೋಗುತ್ತದೆ. ಹೆದರಿಸಲು ಒಳ್ಳೆಯ ಆಯುಧ, ಬಳಸಲು ಅಲ್ಲ. ನಿಮ್ಮ ಕೆನಡಾದಲ್ಲೂ ಆ ವರ್ಷ ಕ್ವಿಬೆಕ್ ಮತ್ತು ಆಲ್ಬರ್ಟಾ ಪ್ರಾಂತ್ಯಗಳ ಕಾರ್ಮಿಕ ಮಂಡಳಿಗಳ ಮುಂದೆ ಲಾಕೌಟ್ ತಡೆಯಲು ಪ್ರಯತ್ನ ನಡೆಯಿತು, ಫಲಿಸಲಿಲ್ಲ.

ಮಾಲೀಕರ ಕಡೆಯ ದಾರಿಗಳಿಗೂ ಮುಳ್ಳುಗಳಿವೆ. ಬದಲಿ ಆಟಗಾರರನ್ನು ಇಳಿಸೋಣವೆಂದರೆ ಕ್ವಿಬೆಕ್, ಬ್ರಿಟಿಷ್ ಕೊಲಂಬಿಯಾಗಳ ಕಾನೂನು ಅಡ್ಡ ಬರುತ್ತದೆ. ಬೇಸ್‌ಬಾಲ್‌ನಂತೆ ಮಿತಿ ಮೀರಿದವರಿಗೆ ತೆರಿಗೆ ಹಾಕೋಣವೆಂದರೆ ಶ್ರೀಮಂತ ತಂಡ ತೆರಿಗೆ ಕಟ್ಟಿ ಮುಂದೆ ಹೋಗುತ್ತದೆ. ಗಟ್ಟಿ ಮಿತಿ ಹಾಕಿದರೋ, ಅವರವರ ಮ್ಯಾನೇಜರುಗಳೇ ಅದಕ್ಕೆ ತೂತು ಕೊರೆಯುತ್ತಾರೆ. ಮಿತಿಯಲ್ಲಿ ಲೆಕ್ಕಕ್ಕೆ ಬರುವುದು ಕರಾರಿನ ವಾರ್ಷಿಕ ಸರಾಸರಿ. ಹಾಗಾಗಿ ಕರಾರನ್ನು ನಲವತ್ತು ವರ್ಷ ದಾಟುವವರೆಗೆ ಎಳೆದು, ಕೊನೆಯ ವರ್ಷಗಳಿಗೆ ಪುಡಿಗಾಸು ಇಟ್ಟರೆ ಸರಾಸರಿ ಇಳಿಯುತ್ತದೆ. 2010ರಲ್ಲಿ ನ್ಯೂಜೆರ್ಸಿ ತಂಡ ಇಲ್ಯಾ ಕೊವಾಲ್ಚುಕ್‌ಗೆ ಕೊಟ್ಟದ್ದು 17 ವರ್ಷಕ್ಕೆ 10.2 ಕೋಟಿ, ಲೀಗ್ ತಿರಸ್ಕರಿಸಿತು, ಮಧ್ಯಸ್ಥರ ತೀರ್ಪೂ ಆ ತಿರಸ್ಕಾರವನ್ನೇ ಎತ್ತಿಹಿಡಿಯಿತು. 2013ರಲ್ಲಿ ಕರಾರಿಗೆ ಸ್ವಂತ ತಂಡದಲ್ಲಿ 8, ಬೇರೆ ತಂಡದಲ್ಲಿ 7 ವರ್ಷದ ಮಿತಿ ಬಂತು. ಅಷ್ಟೇ ಅಲ್ಲ, ಹಿಂದೆ ಲೀಗೇ ಮಂಜೂರು ಮಾಡಿದ್ದ ಕರಾರುಗಳಿಗೂ ದಂಡ ಬಂತು. ವ್ಯಾಂಕೂವರ್ ತಂಡದಿಂದ ಅಂಥದೇ ಉದ್ದನೆಯ ಕರಾರು ಪಡೆದಿದ್ದ ರಾಬರ್ಟೊ ಲುವಾಂಗೊ 2019ರಲ್ಲಿ ನಿವೃತ್ತರಾದಾಗ ಆ ತಂಡದ ಲೆಕ್ಕಕ್ಕೆ ಮೂರು ವರ್ಷ ತಲಾ 30 ಲಕ್ಷ ಡಾಲರ್‌ಗೂ ಹೆಚ್ಚು ಬಿತ್ತು. ಹಿಂದಿನ ತಾರೀಕಿನಿಂದ ಜಾರಿಯಾಗುವ ನಿಯಮ ನನಗಂತೂ ನ್ಯಾಯವಾಗಿ ಕಾಣಲಿಲ್ಲ.

ಟಿಕೆಟ್ ದರದ ಮಾತು ಪೂರ್ತಿ ಭ್ರಮೆ. ದರ ನಿಗದಿಯಾಗುವುದು ಎಷ್ಟು ಜನ ಕೊಳ್ಳಲು ಸಿದ್ಧರಿದ್ದಾರೆ ಎಂಬುದರಿಂದ, ಸಂಬಳದಿಂದಲ್ಲ. 1967ರಿಂದ ಕಪ್ ಗೆಲ್ಲದ ನಿಮ್ಮ ಟೊರಾಂಟೊ ಮೇಪಲ್ ಲೀಫ್ಸ್‌ನ ಸೀಟುಗಳು ಖಾಲಿ ಇರುತ್ತವೆಯೇ? ಆದಾಯ ಎಷ್ಟೇ ಏರಲಿ ಸಂಬಳ ಒಂದು ಗೆರೆಯಲ್ಲಿ ನಿಂತರೆ ಉಳಿದದ್ದು ಮಾಲೀಕನ ಜೇಬಿಗೆ. ಮಿತಿಯಿಂದ ಹೆಚ್ಚು ಲಾಭ ಅಂಥ ದೊಡ್ಡ ತಂಡಕ್ಕೇ.

ಸಣ್ಣ ಊರಿನ ಮಾತಿನಲ್ಲಿ ಅರ್ಧ ಸತ್ಯವಿದೆ. ಕೆನಡಾದ ತಂಡಗಳು ಗಳಿಸುವುದು ಕೆನಡಾ ಡಾಲರ್‌ನಲ್ಲಿ, ಸಂಬಳ ಕೊಡುವುದು ಅಮೆರಿಕ ಡಾಲರ್‌ನಲ್ಲಿ. ತೊಂಬತ್ತರ ದಶಕದಲ್ಲಿ ಕ್ವಿಬೆಕ್ ತಂಡ ಡೆನ್ವರಿಗೆ, ವಿನಿಪೆಗ್ ತಂಡ ಫೀನಿಕ್ಸಿಗೆ ಗುಳೆ ಹೋದವು. ಮಿತಿ ಇಂಥವರಿಗೆ ಉಸಿರು ಕೊಟ್ಟಿತು, ಆದರೆ ಆದಾಯಕ್ಕೆ ಕಟ್ಟಿದ ಮಿತಿಯ ಜೊತೆ ಕನಿಷ್ಠವೂ ಏರುತ್ತದೆ ಎಂಬುದನ್ನು ಮರೆಯಬೇಡಿ: ದೊಡ್ಡ ಊರುಗಳ ಆದಾಯ ಏರಿದರೆ ಬಡ ತಂಡವೂ ಹೆಚ್ಚು ಖರ್ಚು ಮಾಡಲೇಬೇಕು. ಅವರನ್ನು ನಿಜವಾಗಿ ಉಳಿಸುವುದು ತಂಡಗಳ ನಡುವಿನ ಆದಾಯ ಹಂಚಿಕೆ. 2013ರಲ್ಲಿ ಅದಕ್ಕೆ 20 ಕೋಟಿ ಡಾಲರ್ ಇಡಿಸಿದ್ದು ಬಹುಮಟ್ಟಿಗೆ ಸಂಘದ ಒತ್ತಾಯ. ಇನ್ನು ದುಡ್ಡಿದ್ದವರೇ ಗೆಲ್ಲುತ್ತಿದ್ದರು ಎಂಬ ಮಾತೂ ನಿಲ್ಲುವುದಿಲ್ಲ: ಮಿತಿ ಬರುವ ಮುನ್ನಿನ ಕೊನೆಯ ಫೈನಲ್, 2004ರದು, ಟ್ಯಾಂಪಾ ಬೇ ಮತ್ತು ಕ್ಯಾಲ್ಗರಿ ನಡುವೆ, ಎರಡೂ ಖರ್ಚಿನಲ್ಲಿ ಮುಂದಿದ್ದ ತಂಡಗಳಲ್ಲ. ನೀರಿನಂತೆ ದುಡ್ಡು ಚೆಲ್ಲಿದ ನ್ಯೂಯಾರ್ಕ್ ರೇಂಜರ್ಸ್ ಆ ಹೊತ್ತಿಗೆ ಸತತ ಏಳು ಸೀಸನ್ ಪ್ಲೇಆಫ್ ಮುಖವನ್ನೇ ನೋಡಿರಲಿಲ್ಲ.

2026ರ ಬಗ್ಗೆ ನಿಶ್ಚಿಂತರಾಗಿರಿ. ಈಗಿನ ಒಪ್ಪಂದ 2026ರ ಸೆಪ್ಟೆಂಬರ್ 15ಕ್ಕೆ ಮುಗಿಯುತ್ತದೆ, ಆದರೆ ಮುಂದಿನದಕ್ಕೆ 2025ರ ಜುಲೈನಲ್ಲೇ ಎರಡೂ ಕಡೆ ಅಂಗೀಕಾರ ಆಗಿದೆ. ಅದು 2030ರ ಸೆಪ್ಟೆಂಬರ್ 15ರವರೆಗೆ. ಪಂದ್ಯಗಳು 82ರಿಂದ 84ಕ್ಕೆ, ಕರಾರಿನ ಗರಿಷ್ಠ ಅವಧಿ 8 ಮತ್ತು 7 ವರ್ಷದಿಂದ 7 ಮತ್ತು 6ಕ್ಕೆ. ಗಾಯಾಳು ಪಟ್ಟಿಯ ನೆಪದಲ್ಲಿ ಪ್ಲೇಆಫ್‌ಗೆ ಮಿತಿ ಮೀರಿದ ತಂಡ ಇಳಿಸುವ ಹಳೆಯ ಕಿಂಡಿಗೂ ಬೀಗ ಬಿತ್ತು. 2026-27ಕ್ಕೆ 10.4 ಕೋಟಿ, ಅದರ ಮರುವರ್ಷಕ್ಕೆ 11.35 ಕೋಟಿ ಎಂದು ಮಿತಿಯ ಅಂದಾಜನ್ನು ಮೊದಲೇ ಪ್ರಕಟಿಸಿದ್ದೂ ಜಗಳ ತಗ್ಗಲು ಒಂದು ಕಾರಣ: ಆದಾಯ ಏರುತ್ತಿರುವಾಗ ಅರ್ಧದ ಪಾಲಿನ ಮೇಲೆ ಯಾರಿಗೂ ಸಿಟ್ಟಿಲ್ಲ. 2029ರ ಸುಮಾರಿಗೆ ಮತ್ತೆ ಮಾತು ಶುರುವಾದಾಗ ಪತ್ರಿಕೆಗಳು ಮಿತಿಯ ಅಂಕಿಯನ್ನೇ ತಲೆಬರಹ ಮಾಡುತ್ತವೆ. ನೀವು ಪಾಲಿನ ಶೇಕಡಾ, ಆದಾಯದ ವ್ಯಾಖ್ಯೆಯಲ್ಲಿ ಸೇರಿದ್ದು-ಬಿಟ್ಟದ್ದು, ಎಸ್ಕ್ರೊ ಮೇಲಿನ ಮಿತಿ ಇವನ್ನು ಹುಡುಕಿ ಓದಿ. ಈ ಮೂರರಲ್ಲಿ ಯಾವುದನ್ನಾದರೂ ಬದಲಿಸಬೇಕೆಂದು ಒಂದು ಪಕ್ಷ ಹೊರಟರೆ ಮಗನ ಸೀಸನ್ ಟಿಕೆಟ್‌ಗೆ ಮುಂಗಡ ಕಟ್ಟುವ ಮುನ್ನ, ಪಂದ್ಯ ರದ್ದಾದರೆ ದುಡ್ಡು ವಾಪಸ್ಸೋ ಮುಂದಿನ ವರ್ಷದ ಖಾತೆಗೋ ಎಂದು ಕೇಳಿಕೊಳ್ಳಿ.